ಟೂಲ್ ಅಪ್‌ಡೇಟ್ ಮಾಡಿದ ಕೂಡಲೇ ಕವರೇಜ್ 81ರಿಂದ 68ಕ್ಕೆ ಇಳಿಯಿತು, ಯಾವುದನ್ನು ನಂಬಲಿ?

ಪ್ರಶ್ನೆ: ನಾನು ಧಾರವಾಡದವನು, ಪುಣೆಗೆ ಬಂದು ಆರು ವರ್ಷವಾಯಿತು. ಹಿಂಜೆವಾಡಿಯಲ್ಲಿ ಲಿನಕ್ಸ್ ಮೇಲೆ ಓಡುವ ಒಂದು ಸ್ಟೋರೇಜ್ ಸಾಫ್ಟ್‌ವೇರ್ ತಂಡದಲ್ಲಿದ್ದೇನೆ. ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡ್. ಇಷ್ಟು ದಿನ ಸೆಂಟ್‌ಒಎಸ್ 7 ಎಂಬ ಲಿನಕ್ಸ್, ಜಿಸಿಸಿ 4.8 ಕಂಪೈಲರ್, ಟೆಸ್ಟುಗಳು ಕೋಡ್‌ನ ಎಷ್ಟು ಸಾಲು ಓಡಿಸಿದವು ಅನ್ನುವ ಕವರೇಜ್ ರಿಪೋರ್ಟ್ ಕೊಡುವ ಎಲ್‌ಕೋವ್ 1.13 ಇತ್ತು. ಈಗ ಉಬುಂಟು 24.04ಕ್ಕೆ ಬಂದೆವು. ಜಿಸಿಸಿ 13, ಎಲ್‌ಕೋವ್ 2.0. ಕವರೇಜ್ ಸ್ಕ್ರಿಪ್ಟನ್ನೂ ಹೊಸದಾಗಿ ಬರೆದೆವು. ಮೊದಲು ಎರರ್ ಬಂದು ರಿಪೋರ್ಟೇ ಹುಟ್ಟಲಿಲ್ಲ. ಎರರ್‌ಗಳನ್ನೆಲ್ಲ ಇಗ್ನೋರ್ ಮಾಡಿದ ಮೇಲೆ ಬಂತು, ಆದರೆ 81% ಇದ್ದದ್ದು 68% ಆಗಿದೆ. ಒಂದು ಟೆಸ್ಟನ್ನೂ ನಾವು ತೆಗೆದಿಲ್ಲ. ಮ್ಯಾನೇಜರ್ ಹಳೇ ಟೂಲನ್ನೇ ವಾಪಸ್ ಹಾಕಿ ಅನ್ನುತ್ತಿದ್ದಾರೆ. ಇನ್ನೊಂದು ವಿಷಯ, ಹಿನ್ನೆಲೆಯಲ್ಲಿ ಸದಾ ಓಡುವ ನಮ್ಮ ಡೀಮನ್ ಪ್ರೋಗ್ರಾಂನ ಫೈಲುಗಳೆಲ್ಲ ಈಗ ಸೊನ್ನೆ ತೋರಿಸುತ್ತಿವೆ. ಹಳೆಯ ನಂಬರ್ ಸರಿಯೋ, ಹೊಸದು ಸರಿಯೋ?

ಉತ್ತರ: ಹಳೆಯದಕ್ಕೆ ವಾಪಸ್ ಹೋಗಬೇಡಿ. ಹಾಗಂತ ಈ 68 ಅನ್ನೂ ಇನ್ನೂ ನಂಬಬೇಡಿ. ಎರರ್‌ಗಳನ್ನು ಬಾಯಿ ಮುಚ್ಚಿಸಿ ಪಡೆದ ನಂಬರ್ ಅದು, ನಿಮ್ಮ ಉತ್ತರದ ಅರ್ಧ ಭಾಗ ಆ ಎರರ್‌ಗಳ ಒಳಗೇ ಇದೆ.

ವಾಪಸ್ ಹೋಗುವ ಮಾತನ್ನು ಮೊದಲು ಮುಗಿಸುತ್ತೇನೆ. ಎಲ್‌ಕೋವ್ 1.13ಕ್ಕೆ ಜಿಸಿಸಿ 8 ಮತ್ತು ಅದರ ನಂತರದವು ಬರೆಯುವ ಕವರೇಜ್ ಫೈಲುಗಳನ್ನು ಸರಿಯಾಗಿ ಓದಲು ಬರುವುದಿಲ್ಲ. ಜಿಸಿಸಿ 8ರಲ್ಲಿ ಆ ಫೈಲುಗಳ ಒಳಗಿನ ರೂಪ ಬದಲಾಯಿತು, ಜಿಸಿಸಿ 9ರಲ್ಲಿ ಅದರ ಜೊತೆಗೇ ಬರುವ, ಆ ಫೈಲುಗಳನ್ನು ಓದುವ ಜಿಕೋವ್ ಟೂಲ್ ತನ್ನ ಮಧ್ಯಂತರ ಔಟ್‌ಪುಟ್ಟನ್ನು ಜೇಸನ್ ಎಂಬ ಪಠ್ಯ ರೂಪಕ್ಕೆ ತಂದಿತು, ಎಲ್‌ಕೋವ್ ಅದನ್ನು ಓದಲು ಕಲಿತದ್ದು 2020ರಲ್ಲಿ ಬಂದ 1.15ರಲ್ಲಿ. ಅಂದರೆ ಹಳೇ ಟೂಲ್ ಬೇಕೆಂದರೆ ಹಳೇ ಕಂಪೈಲರ್ ಬೇಕು, ಹಳೇ ಕಂಪೈಲರ್ ಬೇಕೆಂದರೆ ಸೆಂಟ್‌ಒಎಸ್ 7 ಬೇಕು, ಅದಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ನಿಂತು ಹೋದದ್ದು 2024ರ ಜೂನ್ 30ಕ್ಕೆ. ಮ್ಯಾನೇಜರ್‌ಗೆ ಇಷ್ಟು ಹೇಳಿದರೆ ಸಾಕು, ಅವರೇ ಆ ಮಾತು ಬಿಡುತ್ತಾರೆ.

ಈಗ ನಂಬರ್ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ಇದು ಗೊತ್ತಿಲ್ಲದೆ ಮುಂದಿನದು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕ ನೆನಪಿದೆಯಲ್ವಾ? ಎಡಗಡೆ ಹೆಸರುಗಳು, ಪ್ರತಿ ಹೆಸರಿಗೂ ಒಂದು ನಂಬರ್. ಮೇಷ್ಟ್ರು ದಿನಾ ಕೂಗುವುದು ನಂಬರ್ ಮಾತ್ರ. ಕವರೇಜ್ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದಾಗ ಜಿಸಿಸಿ ಪ್ರತಿ ಆಬ್ಜೆಕ್ಟ್ ಫೈಲ್ ಪಕ್ಕ ಒಂದು ಜಿಸಿಎನ್‌ಒ ಫೈಲ್ ಬರೆಯುತ್ತದೆ. ಅದು ಹೆಸರುಗಳ ಪಟ್ಟಿ: ಯಾವ ಫಂಕ್ಷನ್, ಯಾವ ಸಾಲು, ಕೋಡ್ ಎಲ್ಲಿಂದ ಎಲ್ಲಿಗೆ ಹಾರುತ್ತದೆ. ಪ್ರೋಗ್ರಾಂ ಓಡಿ ಮುಗಿದಾಗ ಜಿಸಿಡಿಎ ಫೈಲ್ ಹುಟ್ಟುತ್ತದೆ. ಅದರಲ್ಲಿ ಸಾಲಿನ ನಂಬರೂ ಇಲ್ಲ, ಫೈಲ್ ಹೆಸರೂ ಇಲ್ಲ, ಬರೀ ಎಣಿಕೆಗಳು. ಎರಡರಲ್ಲೂ ಒಂದೇ ಮುದ್ರೆ ಇರುತ್ತದೆ. ಜಿಕೋವ್ ಎರಡನ್ನೂ ಎದುರುಬದುರು ಇಟ್ಟು ಮುದ್ರೆ ಹೊಂದಿದರೆ ಮಾತ್ರ ಲೆಕ್ಕ ಹಾಕುತ್ತದೆ. ಹೊಂದದಿದ್ದರೆ ಒಂದು ಸಾಲು ಗೊಣಗಿ ಆ ಎಣಿಕೆಯನ್ನು ಪಕ್ಕಕ್ಕಿಡುತ್ತದೆ, ಆ ಫೈಲ್ ಪೂರ್ತಿ ಸೊನ್ನೆ ಆಗುತ್ತದೆ. ಎಲ್‌ಕೋವ್ ಇರುವುದು ಇದರ ಮೇಲಿನ ಮಹಡಿಯಲ್ಲಿ. ಅದು ಪರ್ಲ್‌ನಲ್ಲಿ ಬರೆದ ಸ್ಕ್ರಿಪ್ಟ್‌ಗಳ ಗುಂಪು, ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್‌ನಿಂದ ಬಂದದ್ದು. ಸ್ವತಃ ಏನನ್ನೂ ಅಳೆಯುವುದಿಲ್ಲ. ಜಿಕೋವ್ ಹೇಳಿದ್ದನ್ನು ಕೂಡಿಸುತ್ತದೆ, ಬೇಡದ್ದನ್ನು ತೆಗೆಯುತ್ತದೆ, ಪುಟ ಮಾಡಿ ತೋರಿಸುತ್ತದೆ.

ಹಾಗಾಗಿ ನೀವು ಅಪ್‌ಡೇಟ್ ಮಾಡಿದ್ದು ಒಂದು ಟೂಲ್ ಅಲ್ಲ. ಪಟ್ಟಿ ಬರೆಯುವವನು, ಹಾಜರಿ ಹಾಕುವವನು, ಲೆಕ್ಕ ಓದುವವನು, ಕೂಡಿಸುವವನು, ನಾಲ್ವರನ್ನೂ ಒಂದೇ ದಿನ ಬದಲಿಸಿದಿರಿ, ಜೊತೆಗೆ ಅವರನ್ನು ಕರೆಯುವ ಸ್ಕ್ರಿಪ್ಟನ್ನೂ ಬದಲಿಸಿದಿರಿ. 13 ಅಂಕ ಎಲ್ಲಿ ಹೋಯಿತು ಅಂತ ಒಂದೇ ಕಡೆ ಹುಡುಕಿದರೆ ಸಿಗುವುದಿಲ್ಲ.

ಮೊದಲ ಕೆಲಸ, ಸ್ಕ್ರಿಪ್ಟಿನಿಂದ ಆ ಇಗ್ನೋರ್ ಎರರ್ಸ್ ಸಾಲನ್ನು ಪೂರ್ತಿ ತೆಗೆಯಿರಿ. 2023ರಲ್ಲಿ ಬಂದ ಎಲ್‌ಕೋವ್ 2.0 ಹಿಂದಿನದಕ್ಕಿಂತ ತುಂಬ ಕಟ್ಟುನಿಟ್ಟು. 1.x ಕಾಲದಲ್ಲಿ ಸುಮ್ನೆ ನುಂಗಿಕೊಂಡು ಹೋಗುತ್ತಿದ್ದ ಗೊಂದಲಗಳನ್ನು ಇದು ನಿಂತು ಹೇಳುತ್ತದೆ. ಎಷ್ಟೋ ಜನ ಇದನ್ನು ಕಿರಿಕಿರಿ ಅಂತ ಬೈಯುತ್ತಾರೆ. ನನ್ನ ಪ್ರಕಾರ ಈ ಅಪ್‌ಡೇಟ್‌ನಲ್ಲಿ ಇರುವ ಅತಿ ಬೆಲೆಯ ವಸ್ತುವೇ ಇದು.

ನಿಮಗೆ ಬಂದಿರಬಹುದಾದ ಒಂದನ್ನೇ ತೆಗೆದುಕೊಳ್ಳೋಣ, ಅನ್‌ಯೂಸ್ಡ್ ಎಂಬ ಎರರ್. ನಿಮ್ಮ ಸ್ಕ್ರಿಪ್ಟಿನಲ್ಲಿ ರಿಮೂವ್ ಅಂತ ಕೊಟ್ಟು ಕೆಲವು ದಾರಿಗಳನ್ನು ರಿಪೋರ್ಟಿನಿಂದ ತೆಗೆದಿರುತ್ತೀರಿ: ಹೊರಗಿನಿಂದ ತಂದಿಟ್ಟುಕೊಂಡ ಲೈಬ್ರರಿಗಳು, ಜನರೇಟ್ ಆದ ಕೋಡ್, ಟೆಸ್ಟ್ ಕೋಡ್. ಹೊಸ ಮಷೀನಿನಲ್ಲಿ ಬಿಲ್ಡ್ ಆಗುವ ಡೈರೆಕ್ಟರಿ ಬೇರೆ ಆಗಿದ್ದರೆ ಆ ಪ್ಯಾಟರ್ನ್ ಯಾವ ಫೈಲಿಗೂ ತಾಗುವುದಿಲ್ಲ. 1.13 ಆಗಿದ್ದರೆ ಮಾತೇ ಆಡುತ್ತಿರಲಿಲ್ಲ. 2.0 ಹೇಳುತ್ತದೆ, ನೀನು ಕೊಟ್ಟ ಈ ಪ್ಯಾಟರ್ನ್ ಎಲ್ಲೂ ಬಳಕೆ ಆಗಲಿಲ್ಲ, ನೋಡು ಅಂತ. ಅದನ್ನು ಇಗ್ನೋರ್ ಮಾಡಿದ ಕ್ಷಣವೇ ನಿಮ್ಮ ಹೊರಗಿನ ಲೈಬ್ರರಿಗಳೆಲ್ಲ ರಿಪೋರ್ಟಿನ ಒಳಗೆ ಬಂದು ಕೂತವು. ನಿಮ್ಮ ಟೆಸ್ಟುಗಳು ಆ ಲೈಬ್ರರಿಯ ಸಣ್ಣ ಮೂಲೆಯನ್ನಷ್ಟೇ ಮುಟ್ಟುತ್ತವೆ, ಉಳಿದದ್ದೆಲ್ಲ ಕೆಂಪು, ಅಂದರೆ ಓಡದ ಸಾಲು. ರಿಪೋರ್ಟಿನ ಡೈರೆಕ್ಟರಿ ಪಟ್ಟಿ ತೆರೆದು ನಿಮ್ಮದಲ್ಲದ ಹೆಸರು ಯಾವುದಾದರೂ ಇದೆಯೇ ನೋಡಿ, ಎರಡು ನಿಮಿಷದ ಕೆಲಸ. ಸಿಸ್ಟಮ್ ಹೆಡರ್‌ಗಳು ಕಂಡರೆ ನೋ ಎಕ್ಸ್‌ಟರ್ನಲ್ ಆಯ್ಕೆ ಹಾಕಿಲ್ಲ ಅಂತ ಅರ್ಥ.

ಇನ್ನೊಂದು ನೆಗೆಟಿವ್ ಎಂಬ ಎರರ್. ಒಂದು ಸಾಲು ಮೈನಸ್ ಎಷ್ಟೋ ಸಲ ಓಡಿದೆ ಅಂದರೆ ಯಾರಿಗಾದರೂ ವಿಚಿತ್ರ ಅನಿಸಬೇಕು. ಹಲವು ಥ್ರೆಡ್‌ಗಳು, ಅಂದರೆ ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಎಳೆಗಳು, ಒಂದೇ ಎಣಿಕೆಯನ್ನು ಬೀಗ ಇಲ್ಲದೆ ಹೆಚ್ಚಿಸುವಾಗ ಕೆಲವು ಕಳೆದುಹೋಗುತ್ತವೆ. ಜಿಸಿಸಿ ಎಲ್ಲ ದಾರಿಗಳಿಗೂ ಎಣಿಕೆ ಇಡುವುದಿಲ್ಲ, ಕೆಲವನ್ನು ಬೇರೆಯವುಗಳಿಂದ ಕಳೆದು ಲೆಕ್ಕ ಹಾಕುತ್ತದೆ. ಹಾಗಾಗಿ ಒಂದು ಕಡೆ ಕಳೆದುಹೋದದ್ದು ಇನ್ನೊಂದು ಕಡೆ ಮೈನಸ್ ಆಗಿ ಏಳುತ್ತದೆ. ಸ್ಟೋರೇಜ್ ಸಾಫ್ಟ್‌ವೇರ್ ಅಂದರೆ ಥ್ರೆಡ್ ಜಾಸ್ತಿ ಇರಲೇಬೇಕು. ಇದಕ್ಕೆ ಮದ್ದು ಕಂಪೈಲ್ ಮಾಡುವಾಗ ಪ್ರೊಫೈಲ್ ಅಪ್‌ಡೇಟ್ ಅನ್ನು ಅಟಾಮಿಕ್ ಮಾಡುವುದು, ಅಂದರೆ ಒಬ್ಬರು ಎಣಿಕೆ ಹೆಚ್ಚಿಸುವಾಗ ಇನ್ನೊಬ್ಬರು ನಡುವೆ ನುಗ್ಗದ ಹಾಗೆ. ಇದು ಜಿಸಿಸಿ 7ರಲ್ಲಿ ಬಂದ ಫ್ಲ್ಯಾಗ್, ನಿಮ್ಮ ಹಳೇ 4.8ರಲ್ಲಿ ಇರಲೇ ಇಲ್ಲ. ಟೆಸ್ಟ್ ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ಮಿಸ್‌ಮ್ಯಾಚ್ ಅಂತ ಬಂದರೆ ಒಂದೇ ಫಂಕ್ಷನ್ ಎಲ್ಲಿ ಶುರು ಎಲ್ಲಿ ಮುಗಿತು ಅನ್ನುವುದರಲ್ಲಿ ಎರಡು ಮಾತು ಬಂದಿವೆ. ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್, ಮ್ಯಾಕ್ರೋ, ಗೂಗಲ್ ಟೆಸ್ಟ್ ಬಳಸುವ ಕೋಡ್‌ಗಳಲ್ಲಿ ಇದು ಹೆಚ್ಚು. ಇದೊಂದನ್ನು ಕಾರಣ ನೋಡಿಕೊಂಡು ಇಗ್ನೋರ್ ಮಾಡಬಹುದು. ಆಗಲೂ ಹೆಸರನ್ನು ಒಂದೇ ಸಲ ಬರೆಯಿರಿ. ಒಂದು ಸಲ ಬರೆದರೆ ಎರರ್ ಹೋಗಿ ವಾರ್ನಿಂಗ್ ಆಗುತ್ತದೆ. ಎರಡು ಸಲ ಬರೆದರೆ ವಾರ್ನಿಂಗೂ ಕಾಣುವುದಿಲ್ಲ. ಆ ಎರಡನೆಯದನ್ನು ಮಾಡಲೇಬೇಡಿ.

ಈಗ ಸ್ಕ್ರಿಪ್ಟ್ ಹೊಸದಾಗಿ ಬರೆದೆವು ಅಂದಿರಲ್ಲ, ಅಲ್ಲಿ ನನಗೆ ಅನುಮಾನ ಜಾಸ್ತಿ. ಅದರಲ್ಲಿ ಇನಿಶಿಯಲ್ ಕ್ಯಾಪ್ಚರ್ ಸೇರಿಸಿದ್ದೀರಾ? ಟೆಸ್ಟ್ ಓಡುವ ಮೊದಲೇ ಜಿಸಿಎನ್‌ಒ ಫೈಲುಗಳಿಂದ ಒಂದು ಸೊನ್ನೆ ಲೆಕ್ಕ ತೆಗೆದಿಟ್ಟು, ಟೆಸ್ಟ್ ಆದ ಮೇಲೆ ಎರಡನ್ನೂ ಕೂಡಿಸುವುದು. ಇದು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಯಾವ ಟೆಸ್ಟಿಗೂ ಲಿಂಕ್ ಆಗದ ಸೋರ್ಸ್ ಫೈಲಿಗೆ ಜಿಸಿಡಿಎ ಹುಟ್ಟುವುದೇ ಇಲ್ಲ. ಜಿಸಿಡಿಎ ಇಲ್ಲದ ಫೈಲ್ ರಿಪೋರ್ಟಿಗೆ ಬರುವುದೇ ಇಲ್ಲ. ಅದು ಕೆಂಪೂ ಅಲ್ಲ, ಹಸಿರೂ ಅಲ್ಲ. ತರಗತಿಗೆ ಒಂದು ದಿನವೂ ಬಾರದ ಹುಡುಗನ ಹೆಸರನ್ನೇ ಪಟ್ಟಿಯಿಂದ ಹೊಡೆದು, ನಮ್ಮಲ್ಲಿ ಹಾಜರಿ ಚೆನ್ನಾಗಿದೆ ಅಂದ ಹಾಗೆ.

ಲೆಕ್ಕ ಹಾಕಿ ನೋಡಿ. ನಿಮ್ಮ ರಿಪೋರ್ಟಿನಲ್ಲಿ 40,000 ಸಾಲು ಇತ್ತು, 32,400 ಓಡಿತ್ತು ಅಂತಿಟ್ಟುಕೊಳ್ಳಿ. ಅದು 81%. ಯಾವ ಟೆಸ್ಟೂ ಮುಟ್ಟದ 7,600 ಸಾಲು ಹೊರಗೆ ಉಳಿದಿತ್ತು. ಇನಿಶಿಯಲ್ ಕ್ಯಾಪ್ಚರ್ ಅವನ್ನು ಒಳಗೆ ತಂದಿತು. ಈಗ 47,600ರಲ್ಲಿ ಅದೇ 32,400. ಭಾಗಿಸಿದರೆ 68%. ಒಂದು ಟೆಸ್ಟೂ ಕೆಟ್ಟಿಲ್ಲ, ಒಂದು ಸಾಲೂ ಕಡಿಮೆ ಓಡಿಲ್ಲ. ನಿಮ್ಮಲ್ಲಿ ನಡೆದದ್ದು ಪೂರ್ತಿ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಶೇಕಡಾವಾರು ನೋಡುವ ಮೊದಲು ಕೆಳಗಿನ ನಂಬರ್ ನೋಡಿ, ಅಂದರೆ ಒಟ್ಟು ಸಾಲು ಎಷ್ಟು ಅನ್ನುವುದನ್ನು. ಅದು ಹಿಗ್ಗಿದ್ದರೆ ಕಥೆ ಒಂದು, ಓಡಿದ ಸಾಲು ಕುಗ್ಗಿದ್ದರೆ ಕಥೆ ಬೇರೆಯೇ.

ನನಗೆ ಇದರ ಬಗ್ಗೆ ಇಷ್ಟು ಒತ್ತಾಯ ಯಾಕೆ ಅಂದರೆ, ಒಂದು ಮಳೆಗಾಲದ ರಾತ್ರಿ ನಾನು ಇನ್ನೂ ಮರೆತಿಲ್ಲ. ಆಗ ಬಾಣೇರ್ ಕಡೆ ಒಂದು ಕಂಪನಿಯಲ್ಲಿದ್ದೆ. ನಮ್ಮ ರಿಪೋರ್ಟ್ 86% ಹಸಿರು ಇತ್ತು, ಪ್ರತಿ ರಿಲೀಸಿಗೂ ಅದನ್ನು ಗೋಡೆಗೆ ಹಚ್ಚುತ್ತಿದ್ದರು. ಒಬ್ಬ ಗ್ರಾಹಕರ ಕಡೆ ಕರೆಂಟ್ ಹೋಗಿ ಬಂತು, ನಮ್ಮ ಲಾಗ್ ರಿಕವರಿ ಕೋಡ್ ಓಡಬೇಕಾಯಿತು, ಎರಡನೇ ನಿಮಿಷಕ್ಕೆ ಬಿತ್ತು. ಫೋನ್ ಬಂದಾಗ ರಾತ್ರಿ ಹನ್ನೊಂದೂವರೆ. ಆಫೀಸಿಗೆ ಹೋಗಿ ಕೂತು ಮೊದಲು ತೆರೆದದ್ದು ಕವರೇಜ್ ರಿಪೋರ್ಟ್, ಆ ಫೈಲಿನಲ್ಲಿ ಯಾವ ಸಾಲು ಟೆಸ್ಟ್ ಆಗಿಲ್ಲ ನೋಡೋಣ ಅಂತ. ಫೈಲೇ ಇರಲಿಲ್ಲ ಪಟ್ಟಿಯಲ್ಲಿ. ಯಾವ ಟೆಸ್ಟೂ ಅದನ್ನು ಲಿಂಕ್ ಮಾಡಿರಲಿಲ್ಲ, ಹಾಗಾಗಿ ಮೂರು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಕೋಡ್ ಮೊದಲ ಸಲ ಓಡಿದ್ದು ಗ್ರಾಹಕರ ಡೇಟಾ ಮೇಲೆ. ಆ ಸೋಮವಾರವೇ ಇನಿಶಿಯಲ್ ಕ್ಯಾಪ್ಚರ್ ಹಾಕಿದೆವು, ನಂಬರ್ 70ಕ್ಕಿಂತ ಕೆಳಗೆ ಬಂತು, ಆಮೇಲೆ ಅದನ್ನು ಮೇಲೆತ್ತಲು ಒಂದು ವರ್ಷ ಹಿಡಿಯಿತು. ಆದರೆ ಆ ವರ್ಷದಲ್ಲಿ ಬರೆದ ಟೆಸ್ಟುಗಳೇ ನಾನು ಆ ಕಂಪನಿಯಲ್ಲಿ ಮಾಡಿದ ಒಳ್ಳೆಯ ಕೆಲಸ.

ಸರಿ, ಕಂಪೈಲರ್ ಕಡೆಗೆ ಬರೋಣ. ಜಿಸಿಸಿ ಮತ್ತು ಜಿಕೋವ್ ಒಂದೇ ಆವೃತ್ತಿಯ ಜೋಡಿ ಆಗಿರಬೇಕು. ಉಬುಂಟುವಿನಲ್ಲಿ ಎರಡು ಮೂರು ಜಿಸಿಸಿ ಒಟ್ಟಿಗೆ ಹಾಕಿಕೊಳ್ಳುವುದು ಸಾಮಾನ್ಯ. ಬಿಲ್ಡ್ ಜಿಸಿಸಿ 12ರಲ್ಲಿ ಆಗುತ್ತದೆ, ಸುಮ್ನೆ ಜಿಕೋವ್ ಅಂತ ಕರೆದರೆ ಸಿಗುವುದು 13ರದ್ದು. ಆಗ ಜಿಕೋವ್ ನಿಲ್ಲುವುದಿಲ್ಲ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ, ಅದೇ ತೊಂದರೆ. ಆ ವಾರ್ನಿಂಗ್‌ನಲ್ಲಿ ನಾಲ್ಕು ಅಕ್ಷರದ ಒಂದು ಗುರುತು ಇರುತ್ತದೆ. ಜಿಸಿಸಿ 4.8ಕ್ಕೆ 408, 9.4ಕ್ಕೆ ಎ94, 13.2ಕ್ಕೆ ಬಿ32, ಕೊನೆಗೊಂದು ನಕ್ಷತ್ರ. ಇಂಥದ್ದು ಲಾಗಿನಲ್ಲಿ ಕಂಡರೆ ಅಲ್ಲೇ ನಿಂತು ಜೋಡಿ ಸರಿ ಮಾಡಿ. ಎಲ್‌ಕೋವ್‌ಗೆ ಜಿಕೋವ್ ಟೂಲ್ ಎಂಬ ಆಯ್ಕೆಯಲ್ಲಿ ಪೂರ್ತಿ ದಾರಿ ಕೊಟ್ಟು ಬಿಡಿ, ಮಷೀನ್ ಬದಲಾದರೂ ಗೊಂದಲ ಇರುವುದಿಲ್ಲ. ತಂಡದಲ್ಲಿ ಯಾರಾದರೂ ಮ್ಯಾಕ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಅಲ್ಲಿ ಜಿಕೋವ್ ಅಂತ ಕರೆದಾಗ ಬರುವುದು ಎಲ್‌ಎಲ್‌ವಿಎಂ ಎಂಬ ಬೇರೆ ಕಂಪೈಲರ್ ಬಳಗದ ಟೂಲ್, ಜಿಸಿಸಿಯದ್ದಲ್ಲ, ಅವರ ನಂಬರನ್ನು ಇದರ ಜೊತೆ ಹೋಲಿಸಬೇಡಿ.

ಆಪ್ಟಿಮೈಸೇಷನ್, ಅಂದರೆ ಕೋಡ್ ವೇಗವಾಗಲಿ ಅಂತ ಕಂಪೈಲರ್ ಮಾಡುವ ಬದಲಾವಣೆ, ಅದರ ಬಗ್ಗೆ ಒಂದೇ ಮಾತು. ಓ2 ಅಂದರೆ ಅದು ಜಾಸ್ತಿ, ಓ0 ಅಂದರೆ ಅದು ಬೇಡ ಅಂತ. ಹಳೇ ಬಿಲ್ಡ್ ಓ2ನಲ್ಲಿ ಇತ್ತು, ಹೊಸದು ಓ0ನಲ್ಲಿ ಇದೆ ಅಂತಾದರೆ ಎರಡನ್ನೂ ಹೋಲಿಸುವುದೇ ತಪ್ಪು. ಓ2ನಲ್ಲಿ ಕಂಪೈಲರ್ ಸಾಲುಗಳನ್ನು ಒಂದರೊಳಗೊಂದು ಸೇರಿಸುತ್ತದೆ, ಕೆಲವನ್ನು ತೆಗೆದೇ ಹಾಕುತ್ತದೆ, ಒಟ್ಟು ಸಾಲಿನ ಎಣಿಕೆಯೇ ಬೇರೆ ಬರುತ್ತದೆ. ಕವರೇಜ್ ಬಿಲ್ಡ್ ಯಾವಾಗಲೂ ಓ0.

ಬ್ರಾಂಚ್ ಕವರೇಜ್, ಅಂದರೆ ಕೋಡ್ ಕವಲೊಡೆಯುವ ಕಡೆ ಪ್ರತಿ ದಾರಿಯೂ ಓಡಿತೇ ಅನ್ನುವ ಲೆಕ್ಕ, ಅದನ್ನೂ ನೋಡುತ್ತಿದ್ದೀರಾ? ಹಾಗಿದ್ದರೆ ಎರಡು ವಿಷಯ. ಎಲ್‌ಕೋವ್ 2.0ರಲ್ಲಿ ಆ ಸೆಟ್ಟಿಂಗ್‌ನ ಹೆಸರು ಬದಲಾಗಿದೆ, ಮುಂದೆ ಇದ್ದ ಎಲ್‌ಕೋವ್ ಎಂಬ ಭಾಗ ಹೋಗಿ ಬರೀ ಬ್ರಾಂಚ್ ಕವರೇಜ್ ಆಗಿದೆ. ಇನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಎಕ್ಸೆಪ್ಷನ್ ಎಸೆಯಬಹುದಾದ ಪ್ರತಿ ಕರೆಗೂ ಕಂಪೈಲರ್ ಕಣ್ಣಿಗೆ ಕಾಣದ ಒಂದು ಬ್ರಾಂಚ್ ಇಡುತ್ತದೆ. ಒಂದು ಸ್ಟ್ರಿಂಗ್ ಕಟ್ಟುವ ಸಾಲಿಗೆ ಆರು ಬ್ರಾಂಚ್ ಕಂಡು ಹುಡುಗರು ಗಾಬರಿ ಆಗುತ್ತಾರೆ. ಇಫ್ ಇಲ್ಲದ ಸಾಲಿನಲ್ಲಿ ಬ್ರಾಂಚ್ ಕಂಡರೆ ಅದು ಇದೇ. ಎಲ್‌ಕೋವ್ 2.0ಗೆ ಫಿಲ್ಟರ್ ಎಂಬ ಆಯ್ಕೆ ಇದೆ, ಅದರಲ್ಲಿ ಬ್ರಾಂಚ್ ಅಂತ ಕೊಟ್ಟರೆ ಕಂಡೀಷನ್ ಇಲ್ಲದ ಸಾಲುಗಳ ಬ್ರಾಂಚ್‌ಗಳನ್ನು ಲೆಕ್ಕದಿಂದ ತೆಗೆಯುತ್ತದೆ. ಎರರ್ ಬಾಯಿ ಮುಚ್ಚಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲಿ ಏನನ್ನು ಯಾಕೆ ತೆಗೆಯುತ್ತಿದ್ದೇವೆ ಅಂತ ನಮಗೆ ಗೊತ್ತಿದೆ.

ಇಷ್ಟೆಲ್ಲ ಆದ ಮೇಲೆ ಹೋಲಿಕೆ. ಒಂದು ಕಮಿಟ್, ಅಂದರೆ ಗಿಟ್‌ನಲ್ಲಿ ಉಳಿಸಿದ ಕೋಡ್‌ನ ಒಂದು ಹಂತ, ಹಿಡಿದು ಅಲ್ಲೇ ನಿಲ್ಲಿ, ಕೋಡ್ ಅಲುಗಾಡಬಾರದು. ಸೆಂಟ್‌ಒಎಸ್ 7ರ ಒಂದು ಕಂಟೇನರ್, ಅಂದರೆ ಅದೇ ಮಷೀನಿನೊಳಗೆ ಬೇರೆಯಾಗಿ ನಿಲ್ಲುವ ಪರಿಸರ, ಎಬ್ಬಿಸಿ ಹಳೇ ಜಿಸಿಸಿ, ಹಳೇ ಎಲ್‌ಕೋವ್‌ನಲ್ಲಿ ಒಂದು ರಿಪೋರ್ಟ್ ತೆಗೆಯಿರಿ. ಆಮೇಲೆ ಅದೇ ಕಂಟೇನರ್‌ನಲ್ಲಿ ಎಲ್‌ಕೋವ್ ಮಾತ್ರ 2.0 ಮಾಡಿ, ಜಿಸಿಸಿ ಹಳೆಯದೇ ಇರಲಿ. ಕೆಲವು ಪರ್ಲ್ ಮಾಡ್ಯೂಲ್‌ಗಳನ್ನು ಹಾಕಬೇಕಾಗುತ್ತದೆ, ಕ್ಯಾಪ್ಚರ್ ಟೈನಿ ಮತ್ತು ಡೇಟ್‌ಟೈಮ್ ಅಂಥವು, ಅಷ್ಟೇ. ಎಲ್‌ಕೋವ್ 2.0 ಹಳೇ ಜಿಕೋವ್‌ನ ಔಟ್‌ಪುಟ್ಟನ್ನೂ ಓದುತ್ತದೆ. ಮೂರನೆಯದು ಉಬುಂಟುವಿನಲ್ಲಿ ಎರಡೂ ಹೊಸದು. ಮೂರರಲ್ಲೂ ಸ್ಕ್ರಿಪ್ಟ್ ಒಂದೇ ಇರಬೇಕು, ಇನಿಶಿಯಲ್ ಕ್ಯಾಪ್ಚರ್ ಇದ್ದರೆ ಮೂರರಲ್ಲೂ ಇರಬೇಕು. ಒಂದನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ಬಂದರೆ ಅದು ಎಲ್‌ಕೋವ್ ತಂದದ್ದು. ಎರಡನೆಯದಕ್ಕೂ ಮೂರನೆಯದಕ್ಕೂ ಬಂದರೆ ಕಂಪೈಲರ್ ತಂದದ್ದು. ಮೂರೂ ಹತ್ತಿರ ಹತ್ತಿರ ಇದ್ದು ನಿಮ್ಮ ಹಳೇ 81ಕ್ಕಿಂತ ಮಾತ್ರ ಕಡಿಮೆ ಇದ್ದರೆ ಅದು ಸ್ಕ್ರಿಪ್ಟ್ ತಂದದ್ದು. ಒಂದೊಂದು ಸಲ ಓಡಿಸಿದ ಮೇಲೂ ಹಳೇ ಜಿಸಿಡಿಎ ಫೈಲುಗಳನ್ನು ಅಳಿಸಿ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ನಿನ್ನೆಯ ಹಾಜರಿ ಇವತ್ತಿನದಕ್ಕೆ ಕೂಡುತ್ತದೆ.

ಹೋಲಿಸುವಾಗ ಒಟ್ಟು ನಂಬರ್ ನೋಡಬೇಡಿ, ಫೈಲ್ ಫೈಲ್ ನೋಡಿ. ಪ್ರತಿ ಫೈಲಿಗೂ ಒಟ್ಟು ಸಾಲು, ಓಡಿದ ಸಾಲು, ಎರಡನ್ನೂ ಒಂದು ಹಾಳೆಗೆ ಹಾಕಿ ವ್ಯತ್ಯಾಸದ ಮೇಲೆ ಜೋಡಿಸಿ. ನನ್ನ ಅನುಭವದಲ್ಲಿ ಇಳಿಕೆಯ ಬಹುಪಾಲು ಹತ್ತೋ ಹದಿನೈದೋ ಫೈಲುಗಳಲ್ಲಿ ಗುಂಪಾಗಿ ಇರುತ್ತದೆ, ಆ ಗುಂಪನ್ನು ನೋಡಿದ ಕೂಡಲೇ ಕಾರಣ ಹೊಳೆಯುತ್ತದೆ.

ಮ್ಯಾನೇಜರ್ ವಿಷಯ. ಹೋದ ತಿಂಗಳು ಎರಂಡವಣೆಯ ಕನ್ನಡ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಹೊರಗೆ ಅಮೃತತುಲ್ಯದಲ್ಲಿ ಚಹಾ ಕುಡಿಯುತ್ತಾ ನಿಂತಾಗ, ನಿಮ್ಮದೇ ಪ್ರಶ್ನೆಯನ್ನು ಇನ್ನೊಬ್ಬ ಹುಡುಗಿ ಕೇಳಿದಳು. ಅವಳ ಪೈಪ್‌ಲೈನ್‌ನಲ್ಲಿ 80ಕ್ಕಿಂತ ಕಡಿಮೆ ಆದರೆ ಮರ್ಜ್ ಆಗುವುದಿಲ್ಲ ಅಂತ ಬಾಗಿಲು ಹಾಕಿದ್ದರು. ಅಪ್‌ಡೇಟ್ ಆದ ದಿನದಿಂದ ಯಾರ ಕೋಡೂ ಒಳಗೆ ಹೋಗುತ್ತಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಆ ಒಟ್ಟು ನಂಬರಿನ ಬಾಗಿಲನ್ನು ತೆಗೆದು, ಹೊಸದಾಗಿ ಬರೆದ ಸಾಲಿನ ಮೇಲೆ ಬಾಗಿಲು ಇಡಿ. ಎಲ್‌ಕೋವ್ 2.0ರಲ್ಲಿ ರಿಪೋರ್ಟ್ ಪುಟ ಮಾಡುವ ಜೆನ್‌ಎಚ್‌ಟಿಎಂಎಲ್‌ಗೆ ಹಳೇ ರಿಪೋರ್ಟನ್ನು ಬೇಸ್‌ಲೈನ್ ಅಂತ ಕೊಟ್ಟು, ಎರಡು ಕಮಿಟ್‌ಗಳ ನಡುವಿನ ಡಿಫ್ ಫೈಲನ್ನೂ ಕೊಟ್ಟರೆ, ಹೊಸ ಕೋಡ್‌ನಲ್ಲಿ ಟೆಸ್ಟ್ ಆಗದ ಸಾಲು ಎಷ್ಟು, ಹಿಂದೆ ಓಡುತ್ತಿದ್ದು ಈಗ ಓಡದ ಸಾಲು ಎಷ್ಟು, ಎಲ್ಲವನ್ನೂ ಬೇರೆ ಬೇರೆ ಮಾಡಿ ತೋರಿಸುತ್ತದೆ. ನಿಮ್ಮ ಮ್ಯಾನೇಜರ್‌ಗೆ ನಿಜವಾಗಿ ಬೇಕಿರುವುದು ಇದೇ ಉತ್ತರ, ನಾವು ಮೊದಲಿಗಿಂತ ಹದಗೆಟ್ಟಿದ್ದೇವಾ ಅನ್ನುವುದು. ಬೇಸ್‌ಲೈನ್ ಮಾತ್ರ ಹೊಸ ಟೂಲಿನಲ್ಲೇ ತೆಗೆದದ್ದಾಗಿರಲಿ.

ನಿಮ್ಮಂತೆ ಕೇಳುವ ಪಿಂಪ್ರಿ ಚಿಂಚ್‌ವಡ್ ಕಡೆಯ ವಾಹನ ಸಾಫ್ಟ್‌ವೇರ್ ಗೆಳೆಯರೂ ಇದನ್ನು ಓದುತ್ತಿರುತ್ತಾರೆ, ಅವರಿಗೆ ಒಂದು ಮಾತು. ಎಂಸಿಡಿಸಿ, ಅಂದರೆ ಒಂದು ಕಂಡೀಷನ್‌ನ ಪ್ರತಿ ಭಾಗವೂ ತಾನೊಂದೇ ಫಲಿತಾಂಶ ಬದಲಿಸುವುದನ್ನು ಟೆಸ್ಟ್ ತೋರಿಸಿತೇ ಅನ್ನುವುದು, ಅದನ್ನು ಅಳೆಯಲು ದುಬಾರಿ ಟೂಲೇ ಬೇಕು ಅಂತಿದ್ದ ಕಾಲ ಹೋಗಿದೆ. 2024ರಲ್ಲಿ ಬಂದ ಜಿಸಿಸಿ 14ರಲ್ಲಿ ಕಂಡೀಷನ್ ಕವರೇಜ್ ಫ್ಲ್ಯಾಗ್ ಇದೆ, ಇನ್ನೊಂದು ಕಂಪೈಲರ್ ಆದ, ಅದೇ ವರ್ಷದ ಕ್ಲ್ಯಾಂಗ್ 18ರಲ್ಲೂ ಅದರದೇ ಎಂಸಿಡಿಸಿ ಇದೆ. ಸರ್ಟಿಫಿಕೇಟ್‌ಗೆ ಟೂಲ್ ಅರ್ಹತೆಯ ಕಾಗದ ಬೇರೆ ಬೇಕಾಗುತ್ತದೆ. ಆದರೆ ದಿನದ ಕೆಲಸಕ್ಕೆ, ಟೆಸ್ಟ್ ಎಲ್ಲಿ ಸಾಲದು ಅಂತ ಕಾಣಲು, ಇವತ್ತೇ ಬಳಸಬಹುದು. ನೀವು ಜಿಸಿಸಿ 13ರಲ್ಲಿದ್ದೀರಿ, ಸದ್ಯಕ್ಕೆ ಅಲ್ಲೇ ಇರಿ. ಒಂದು ಬದಲಾವಣೆ ಅರಗಿದ ಮೇಲೆ ಇನ್ನೊಂದು.

ಕೊನೆಗೆ ಡೀಮನ್. ಅದರ ಫೈಲುಗಳೆಲ್ಲ ಸೊನ್ನೆ ಅಂದರೆ, ಅದು ಓಡಿದೆ, ಆದರೆ ಹಾಜರಿ ಬರೆಯದೆ ಸತ್ತಿದೆ. ಜಿಸಿಡಿಎ ಬರೆಯುವುದು ಪ್ರೋಗ್ರಾಂ ಮರ್ಯಾದೆಯಿಂದ ಎಕ್ಸಿಟ್ ಆಗುವಾಗ ಮಾತ್ರ. ನಿಲ್ಲು ಅಂತ ಕೇಳುವ ಟರ್ಮ್ ಸಿಗ್ನಲ್‌ಗೆ ಹ್ಯಾಂಡ್ಲರ್, ಅಂದರೆ ಅದನ್ನು ನಿಭಾಯಿಸುವ ಕೋಡ್, ಇಲ್ಲದಿದ್ದರೆ ಬರೆಯುವುದಿಲ್ಲ, ಕೇಳದೆಯೇ ಸಾಯಿಸುವ ಕಿಲ್ ಸಿಗ್ನಲ್‌ಗಂತೂ ಬರೆಯಲು ಸಾಧ್ಯವೇ ಇಲ್ಲ. ಹಳೇ ಸೆಟಪ್‌ನಲ್ಲಿ ಇದು ನಡೆಯುತ್ತಿತ್ತು ಅಂದರೆ ನಿಮ್ಮ ಕೋಡ್‌ನಲ್ಲಿ ಯಾರೋ ಪುಣ್ಯಾತ್ಮರು ಸಿಗ್ನಲ್ ಬಂದಾಗ ಜಿಕೋವ್ ಫ್ಲಶ್ ಎಂಬ ಫಂಕ್ಷನ್ ಕರೆದಿರಬೇಕು. ಅದನ್ನು ಜಿಸಿಸಿ 11ರಲ್ಲಿ ತೆಗೆದುಹಾಕಿದರು. ಉಬುಂಟುವಿಗೆ ಬಂದಾಗ ಲಿಂಕ್ ಎರರ್ ಬಂದಿರುತ್ತದೆ, ಅವಸರದಲ್ಲಿ ಆ ಸಾಲನ್ನೇ ತೆಗೆದಿರುತ್ತಾರೆ. ಗಿಟ್ ಲಾಗ್‌ನಲ್ಲಿ ಹುಡುಕಿ. ಈಗ ಅದರ ಬದಲು ಜಿಕೋವ್ ಡಂಪ್ ಕರೆಯಬೇಕು. ಡೀಮನ್ ಅದಾದ ಮೇಲೂ ಓಡುತ್ತಲೇ ಇರುತ್ತದೆ ಅಂದರೆ ಬೆನ್ನಿಗೇ ಜಿಕೋವ್ ರೀಸೆಟ್ ಕೂಡ ಕರೆಯಬೇಕು, ಇಲ್ಲದಿದ್ದರೆ ಮುಂದಿನ ಡಂಪ್ ಏನನ್ನೂ ಬರೆಯುವುದಿಲ್ಲ.

ಅದು ಸರಿ ಇದ್ದರೂ ಸೊನ್ನೆ ಬಂದರೆ ಬರೆಯುವ ಜಾಗ ನೋಡಿ. ಜಿಸಿಡಿಎ ಎಲ್ಲಿಗೆ ಹೋಗಬೇಕು ಅನ್ನುವ ಪೂರ್ತಿ ದಾರಿ ಕಂಪೈಲ್ ಆಗುವಾಗಲೇ ಬೈನರಿ ಒಳಗೆ ಅಚ್ಚಾಗಿರುತ್ತದೆ. ಡೀಮನ್ ಬೇರೆ ಕಂಟೇನರ್‌ನಲ್ಲಿ ಅಥವಾ ಬೇರೆ ಯೂಸರ್ ಆಗಿ ಓಡಿದರೆ ಆ ದಾರಿಗೆ ಬರೆಯಲು ಅನುಮತಿ ಇರುವುದಿಲ್ಲ. ಪ್ರೊಫೈಲಿಂಗ್ ಅಂತ ಶುರುವಾಗುವ ಒಂದು ಎರರ್ ಸಾಲು ಬರುತ್ತದೆ, ಆದರೆ ಡೀಮನ್‌ನ ಸ್ಟ್ಯಾಂಡರ್ಡ್ ಎರರ್ ಸಾಮಾನ್ಯವಾಗಿ ಡೆವ್ ನಲ್‌ಗೆ, ಅಂದರೆ ಎಲ್ಲವನ್ನೂ ನುಂಗುವ ಬಾವಿಗೆ, ಹೋಗುತ್ತಿರುತ್ತದೆ, ಹಾಗಾಗಿ ಯಾರೂ ನೋಡುವುದಿಲ್ಲ. ಟೆಸ್ಟ್ ಓಡಿಸುವಾಗ ಅದನ್ನು ಒಂದು ಫೈಲಿಗೆ ತಿರುಗಿಸಿ. ಜಿಕೋವ್ ಪ್ರಿಫಿಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟರೆ ಬರೆಯುವ ಜಾಗ ಬದಲಿಸಬಹುದು, ಅದರ ಜೊತೆಯ ಸ್ಟ್ರಿಪ್ ವೇರಿಯಬಲ್‌ನಿಂದ ದಾರಿಯ ಮುಂದಿನ ಕೆಲವು ತುಂಡುಗಳನ್ನು ಕತ್ತರಿಸಬಹುದು.

ಇವೆರಡೂ ಅಲ್ಲ ಅಂದರೆ ಡೀಮನ್ ನಿಂತಾಗ ಬಂದ ಎಕ್ಸಿಟ್ ಕೋಡ್ ನೋಡಿ. 137 ಇದ್ದರೆ ಅದು 128ಕ್ಕೆ 9 ಕೂಡಿಸಿದ್ದು, ಯಾರೋ ಕಿಲ್ ಸಿಗ್ನಲ್ ಕಳಿಸಿದ್ದಾರೆ. ಕಂಟೇನರ್ ನಿಲ್ಲಿಸುವ ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು ಇದನ್ನೇ ಮಾಡುತ್ತದೆ, ಲಿನಕ್ಸ್‌ನಲ್ಲಿ ಡೀಮನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತನ್ನಷ್ಟಕ್ಕೆ ಬಿಟ್ಟರೆ 90 ಸೆಕೆಂಡ್ ಕಾಯುತ್ತದೆ. ಸ್ಟೋರೇಜ್ ಡೀಮನ್ ತನ್ನ ಬಫರ್‌ಗಳನ್ನು ಡಿಸ್ಕಿಗೆ ಬರೆದು ಮುಗಿಸಿ ಆಮೇಲೆ ಎಣಿಕೆ ಬರೆಯಬೇಕು, ಅದಕ್ಕೆ 10 ಸೆಕೆಂಡ್ ಸಾಲದೇ ಹೋಗಬಹುದು. ಟೆಸ್ಟ್ ಸ್ಕ್ರಿಪ್ಟಿನಲ್ಲಿ ಆ ಸಮಯವನ್ನು 60 ಮಾಡಿ ಒಂದು ಸಲ ಓಡಿಸಿ ನೋಡಿ, ಆಮೇಲೆ ಮೂರು ರಿಪೋರ್ಟಿನ ಹೋಲಿಕೆಗೆ ಕೂತುಕೊಳ್ಳಿ.